ಮಕ್ಕಳ ಹೆಸರಿನ ನೆರವು, ತಾಯಿಯ ದುಡಿಮೆ: ಎರಡು ಕಚೇರಿಗಳ ನಡುವಿನ ದಾರಿ

ಮನೆಯಲ್ಲಿ ದುಡಿಯುತ್ತಿದ್ದವರು ತೀರಿಕೊಂಡಾಗ, ಹಾಸಿಗೆ ಹಿಡಿದಾಗ ಅಥವಾ ಮನೆ ಬಿಟ್ಟು ಹೋದಾಗ ಚಿಕ್ಕ ಮಕ್ಕಳಿರುವ ತಾಯಿಗೆ ಸರ್ಕಾರದಿಂದ ಎರಡು ಬಗೆಯ ನೆರವು ದೊರೆಯಬಹುದು. ಒಂದು, ತಿಂಗಳಿಗೊಮ್ಮೆ ಖಾತೆಗೆ ಬರುವ ಹಣ. ಇನ್ನೊಂದು, ಕೆಲಸ ಕಲಿಸುವ, ಕೆಲಸ ಹುಡುಕಿಕೊಡುವ, ಸ್ವಂತ ಉದ್ಯೋಗಕ್ಕೆ ಸಾಲ ಕೊಡಿಸುವ ಸೇವೆ. ನಮ್ಮ ರಾಜ್ಯದಲ್ಲಿ ಇವೆರಡೂ ಇವೆ. ಆದರೆ ಎರಡೂ ಬೇರೆ ಬೇರೆ ಇಲಾಖೆಗಳಲ್ಲಿವೆ. ಹಣ ಮಂಜೂರು ಮಾಡುವ ಕಚೇರಿ ಕೆಲಸದ ಬಗ್ಗೆ ಕೇಳುವುದಿಲ್ಲ, ಕೆಲಸ ಕಲಿಸುವ ಕೇಂದ್ರಕ್ಕೆ ಈ ತಾಯಿಗೆ ಹಣ ಬರುತ್ತಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಎರಡನ್ನೂ ಸೇರಿಸಿ ಒಂದು ದಾರಿ ಮಾಡಿಕೊಳ್ಳಬೇಕಾದವರು ಆ ತಾಯಿ ಮತ್ತು ಆಕೆಯ ಬೆನ್ನಿಗೆ ನಿಂತ ಮನೆಯವರು. ಆ ದಾರಿ ಹೇಗೆ ಎಂಬುದನ್ನು ಇಲ್ಲಿ ವಿವರಿಸಿದೆ.

ಬೇರೆ ದೇಶಗಳಲ್ಲಿ ಇದು ಹೀಗಿಲ್ಲ. ಅಮೆರಿಕದಲ್ಲಿ 1996ರಲ್ಲಿ ಬಂದ ಕಾನೂನು ಬಡ ಪೋಷಕರಿಗೆ ಕೊಡುವ ನಗದು ನೆರವನ್ನು ಕೆಲಸಕ್ಕೆ ಕಟ್ಟಿಹಾಕಿತು. ಅಲ್ಲಿನ ಸಾಮಾನ್ಯ ಲೆಕ್ಕದಲ್ಲಿ ವಾರಕ್ಕೆ 30 ಗಂಟೆ, ಆರು ವರ್ಷದೊಳಗಿನ ಮಗುವಿರುವ ಒಂಟಿ ಪೋಷಕರಾದರೆ 20 ಗಂಟೆ, ಕೆಲಸ ಅಥವಾ ಕೆಲಸಕ್ಕೆ ಸಂಬಂಧಿಸಿದ ಚಟುವಟಿಕೆಯಲ್ಲಿ ತೊಡಗಿರಬೇಕು. ಕೇಂದ್ರ ಸರ್ಕಾರದ ಹಣದಿಂದ ಜೀವಮಾನದಲ್ಲಿ ಒಟ್ಟು 60 ತಿಂಗಳು ಮಾತ್ರ ನೆರವು. ಆಸ್ಟ್ರೇಲಿಯಾ 2018ರಲ್ಲಿ ಚಿಕ್ಕ ಮಕ್ಕಳ ಪೋಷಕರಿಗಾಗಿ ಇಂಥದೇ ಕಡ್ಡಾಯ ಕಾರ್ಯಕ್ರಮವನ್ನು ದೇಶದಾದ್ಯಂತ ತಂದಿತು. ನಿಗದಿಯಾದ ಚಟುವಟಿಕೆಗೆ ಹೋಗದಿದ್ದರೆ ಹಣ ತಡೆಹಿಡಿಯುವ ಕ್ರಮಕ್ಕೆ ತೀವ್ರ ಟೀಕೆ ಬಂದು, 2023ರಲ್ಲಿ ಕಡ್ಡಾಯವನ್ನು ಕೈಬಿಡಲಾಯಿತು. 2024ರ ನವೆಂಬರ್‌ನಿಂದ ಅಲ್ಲಿ ಅದರ ಜಾಗದಲ್ಲಿ ಇಷ್ಟವಿದ್ದವರು ಮಾತ್ರ ಸೇರುವ ಸೇವೆ ಇದೆ. ಹಣ ಮತ್ತು ಕೆಲಸದ ಸೇವೆ ಒಂದೇ ಬಾಗಿಲಲ್ಲಿ ಸಿಗುವುದು ಒಳ್ಳೆಯದು. ಆದರೆ ಹಣದ ಹೆದರಿಕೆ ತೋರಿಸಿ ತಾಯಿಯನ್ನು ಓಡಾಡಿಸುವುದು ಒಳ್ಳೆಯದಲ್ಲ. ನಮ್ಮಲ್ಲಿ ಆ ಹೆದರಿಕೆ ಇಲ್ಲ, ಆ ಒಂದೇ ಬಾಗಿಲೂ ಇಲ್ಲ.

ಮೊದಲು ಹಣದ ವಿಚಾರ.

ಹೆಚ್ಚಿನವರಿಗೆ ಗೊತ್ತಿರುವುದು ಗೃಹಲಕ್ಷ್ಮಿ. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾಗಿರುವ ಮಹಿಳೆಗೆ ತಿಂಗಳಿಗೆ 2000 ರೂ. ಕೊಡುವ ಈ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು. ಇದಕ್ಕೆ ಕೆಲಸದ ಷರತ್ತಿಲ್ಲ. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಮಾತ್ರ ಹಣ ಬರುವುದಿಲ್ಲ. ನಮ್ಮ ಸಮಾಜದಲ್ಲಿ ಸಣ್ಣ ಅಂಗಡಿ ನಡೆಸುವ ಕುಟುಂಬಗಳು ಬಹಳ ಇರುವುದರಿಂದ ಇಲ್ಲಿ ಒಂದು ಮಾತು ಹೇಳಲೇಬೇಕು. ಪತಿಯ ಹೆಸರಿನಲ್ಲಿ ಅಂಗಡಿ ಇತ್ತು, ಜಿಎಸ್‌ಟಿ ನೋಂದಣಿ ಇತ್ತು, ಅವರು ತೀರಿಹೋದರು, ಅಂಗಡಿ ಮುಚ್ಚಿತು. ಆದರೆ ನೋಂದಣಿ ತಾನಾಗಿ ಮುಚ್ಚುವುದಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಕಾನೂನುಬದ್ಧ ವಾರಸುದಾರರು ಅರ್ಜಿ ಹಾಕಿ ಅದನ್ನು ರದ್ದು ಮಾಡಿಸಬೇಕು. ಅಂಗಡಿಯ ಲೆಕ್ಕ ಬರೆಯುತ್ತಿದ್ದವರೇ ಈ ಕೆಲಸ ಮಾಡಿಕೊಡಬಲ್ಲರು. ದುಃಖದ ಮನೆಯಲ್ಲಿ ಇದನ್ನು ಯಾರೂ ನೆನಪಿಸುವುದಿಲ್ಲ, ಆಮೇಲೆ ವರ್ಷಗಟ್ಟಲೆ ಹಳೆಯ ದಾಖಲೆಯೇ ಅಡ್ಡ ಬರುತ್ತದೆ.

ಎರಡನೆಯದು ವಿಧವಾ ವೇತನ, ತಿಂಗಳಿಗೆ 800 ರೂ. ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ, ಆದಾಯ ಮಿತಿ ಇದೆ. ಮೊತ್ತ ಚಿಕ್ಕದು, ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಮೂರನೆಯದನ್ನು ನಮ್ಮಲ್ಲಿ ಬಹಳ ಮಂದಿ ಕೇಳಿಯೇ ಇಲ್ಲ. ಕೇಂದ್ರದ ಮಿಷನ್ ವಾತ್ಸಲ್ಯದಡಿ ಬರುವ ಪ್ರಾಯೋಜಕತ್ವ ನೆರವು ಅದು. ಒಂದು ಮಗುವಿಗೆ ತಿಂಗಳಿಗೆ 4000 ರೂ. ತಾಯಿ ವಿಧವೆಯಾಗಿದ್ದರೆ, ವಿಚ್ಛೇದಿತೆಯಾಗಿದ್ದರೆ, ಗಂಡ ಬಿಟ್ಟುಹೋದವರಾಗಿದ್ದರೆ, ಇಲ್ಲವೇ ತಂದೆ ಅಥವಾ ತಾಯಿ ಪ್ರಾಣಾಂತಿಕ ಕಾಯಿಲೆಗೆ ತುತ್ತಾಗಿದ್ದರೆ ಅಥವಾ ದುಡಿಯಲಾರದ ಸ್ಥಿತಿಗೆ ಬಂದಿದ್ದರೆ ಅವರ ಮಕ್ಕಳು ಇದಕ್ಕೆ ಬರುತ್ತಾರೆ. ತಂದೆ ತಾಯಿ ಇಬ್ಬರೂ ಇಲ್ಲದೆ ಅಜ್ಜಿ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಬೆಳೆಯುತ್ತಿರುವ ಮಕ್ಕಳೂ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000 ರೂ., ಉಳಿದೆಡೆ 96,000 ರೂ. ಮೀರಿರಬಾರದು. ಮಗು ತಪ್ಪದೆ ಶಾಲೆಗೆ ಹೋಗುತ್ತಿರಬೇಕು. ನೆರವು ಹೆಚ್ಚೆಂದರೆ ಮಗುವಿಗೆ 18 ತುಂಬುವವರೆಗೆ, ನಡುವೆ ಸಮಿತಿ ಪರಿಶೀಲನೆ ನಡೆಸುತ್ತಿರುತ್ತದೆ.

ಅರ್ಜಿ ಕೊಡಬೇಕಾದ್ದು ಜಿಲ್ಲಾ ಕೇಂದ್ರದಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಭಾಗ. ದೂರದವರು ಮೊದಲು ತಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ತಾಲ್ಲೂಕಿನ ಸಿಡಿಪಿಒ ಕಚೇರಿಯನ್ನೋ ಕೇಳಬಹುದು. ಘಟಕದ ಸಿಬ್ಬಂದಿ ಮನೆಗೆ ಬಂದು ನೋಡುತ್ತಾರೆ. ಅದನ್ನು ಅವಮಾನ ಎಂದುಕೊಳ್ಳಬೇಕಾಗಿಲ್ಲ, ಆ ವರದಿಯಿಲ್ಲದೆ ಕಡತ ಮುಂದೆ ಹೋಗುವುದಿಲ್ಲ.

ಇಲ್ಲಿ ಎಡವುವುದು ಆದಾಯ ಪ್ರಮಾಣಪತ್ರದಲ್ಲಿ. ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ ಮನೆಯಲ್ಲಿ ಹಳೆಯದೊಂದು ಇದ್ದೇ ಇರುತ್ತದೆ. ಅದು ಪತಿ ಬದುಕಿದ್ದಾಗಿನ, ಅಂಗಡಿ ನಡೆಯುತ್ತಿದ್ದಾಗಿನ ಆದಾಯ. ಅದನ್ನೇ ಲಗತ್ತಿಸಿದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಮರಣ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಈಗಿನ ಆದಾಯ ತೋರಿಸುವ ಹೊಸ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಪಡಿತರ ಚೀಟಿಯಲ್ಲೂ ಹೆಸರುಗಳನ್ನು ಸರಿಪಡಿಸಿ.

ಇನ್ನು ದುಡಿಮೆಯ ವಿಚಾರ. ಇಲ್ಲಿ ಮೊದಲು ಹೇಳಬೇಕಾದ ಹೆಸರು ರುಡ್‌ಸೆಟ್. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಆರಂಭವಾದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇದು. ನಿರುದ್ಯೋಗಿಗಳಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸಿ, ಬ್ಯಾಂಕ್ ಸಾಲದವರೆಗೆ ಕೈಹಿಡಿದು ನಡೆಸುವ ಈ ಕ್ರಮವನ್ನು ನೋಡಿಯೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದು ಆರ್‌ಸೆಟಿ ಇರಬೇಕೆಂಬ ಯೋಜನೆ ರೂಪಿಸಿತು. ಉಜಿರೆಯಲ್ಲಿ ಹುಟ್ಟಿದ ಒಂದು ಮಾದರಿ ದೇಶಕ್ಕೆಲ್ಲ ಹಬ್ಬಿತು ಎಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ನಮ್ಮವರೇ ಎಷ್ಟು ಮಂದಿ ಅದರ ಬಾಗಿಲು ತಟ್ಟಿದ್ದಾರೆ ಎಂದು ಕೇಳಿಕೊಳ್ಳಬೇಕು. ಇದು ಬೇರೆಯವರಿಗೆ ಎಂಬ ಭಾವನೆ ನಮ್ಮಲ್ಲಿ ಇದೆ.

ಆರ್‌ಸೆಟಿಗಳನ್ನು ನಡೆಸುವುದು ಬ್ಯಾಂಕುಗಳು. ಹೊಲಿಗೆ, ಬ್ಯೂಟಿ ಪಾರ್ಲರ್, ಹಪ್ಪಳ ಉಪ್ಪಿನಕಾಯಿ ಮಸಾಲೆ ಪುಡಿ ತಯಾರಿಕೆ, ಹೈನುಗಾರಿಕೆ, ಕಂಪ್ಯೂಟರ್ ಲೆಕ್ಕಪತ್ರ ಹೀಗೆ ಹತ್ತು ಹಲವು ತರಬೇತಿಗಳು. ಕೆಲವು ಹತ್ತೇ ದಿನದವು, ಹೊಲಿಗೆಯಂಥವು ತಿಂಗಳ ಅವಧಿಯವು. ಕಲಿಸಿ ಕೈಬಿಡುವುದಿಲ್ಲ, ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಪರ್ಕದಲ್ಲಿರುವುದು ಈ ಮಾದರಿಯ ಮುಖ್ಯ ಅಂಗ. ಗಂಡಸರಿಗೂ ಇದೆ. ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಒಬ್ಬರೇ ಸಾಕುತ್ತಿರುವ ತಂದೆಯರೂ ಇದನ್ನು ಗಮನಿಸಬೇಕು.

ತಾಯಂದಿರಿಗೆ ತೊಡಕು ವಸತಿಯದು. ಐದು ವರ್ಷದ ಮಗುವನ್ನು ಬಿಟ್ಟು ತಿಂಗಳುಗಟ್ಟಲೆ ಹೊರಗೆ ಉಳಿಯುವುದು ಸಾಧ್ಯವಿಲ್ಲ. ದಿನವೂ ಹೋಗಿಬರಲು ಒಪ್ಪುತ್ತಾರೆಯೇ, ಹತ್ತಿರದ ಊರಿನಲ್ಲೇ ತಂಡ ಸೇರಿದರೆ ಅಲ್ಲಿಗೆ ಬಂದು ಕಲಿಸುತ್ತಾರೆಯೇ ಎಂದು ಹೆಸರು ಕೊಡುವ ಮೊದಲೇ ಫೋನ್ ಮಾಡಿ ಕೇಳಿ. ಹೋಗಿಬರುವುದಾದರೆ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಕೆಲಸಕ್ಕೆ ಹೊರಡುವ ತಾಯಿಗೆ ಶಕ್ತಿ ಯೋಜನೆಯಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ ಎಂದು ನನ್ನ ಅಭಿಪ್ರಾಯ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೇ ಕೊನೆಗೆ ಎಲ್ಲವನ್ನೂ ನಿರ್ಧರಿಸುತ್ತದೆ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕವರಿಗಾಗಿ ಅನೇಕ ಗ್ರಾಮ ಪಂಚಾಯಿತಿಗಳು ಕೂಸಿನ ಮನೆ ನಡೆಸುತ್ತಿವೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಪಿಡಿಒ ಅವರನ್ನು ಕೇಳಿ. ಕಾರ್ಖಾನೆ ಅಥವಾ ಕಂಪನಿ ಕೆಲಸವಾದರೆ, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಶಿಶುಪಾಲನಾ ಕೊಠಡಿ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ಹೇಳಿದೆ. ಸಂದರ್ಶನದ ದಿನವೇ ಇದನ್ನು ಕೇಳಿದರೆ ತಪ್ಪಿಲ್ಲ.

ಸಂಬಳದ ಕೆಲಸ ಬೇಕೆನ್ನುವವರು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ಜಾಲತಾಣಗಳಲ್ಲೂ ನೋಂದಾಯಿಸಬಹುದು. ಮೂರೂ ಉಚಿತ. ದುಡ್ಡು ಕೇಳಿದವರು ಸರ್ಕಾರದವರಲ್ಲ. ನಿಜ ಹೇಳಬೇಕೆಂದರೆ ಉದ್ಯೋಗ ವಿನಿಮಯ ಕಚೇರಿಯಿಂದ ಕರೆ ಬರುತ್ತದೆಂದು ಕಾದು ಕೂರುವ ಕಾಲ ಇದಲ್ಲ. ಅಲ್ಲಿ ನಡೆಯುವ ಉದ್ಯೋಗ ಮೇಳಗಳ ಮಾಹಿತಿ ಸಿಗುತ್ತದೆ ಎಂಬುದಕ್ಕಾದರೂ ಹೆಸರಿರಲಿ. ಸರ್ಕಾರಿ ಹುದ್ದೆಗೆ ವಯಸ್ಸು ಮೀರಿತು ಎಂದು ಕೈಚೆಲ್ಲಬೇಡಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ವಿಧವೆಯರಿಗೆ ಗರಿಷ್ಠ ವಯೋಮಿತಿಯಲ್ಲಿ 10 ವರ್ಷದ ಸಡಿಲಿಕೆ ಇದೆ. ದಿಗಂಬರ ಜೈನರಿಗೆ ಪ್ರವರ್ಗ 3ಬಿ ಮೀಸಲಾತಿಯೂ ಇದೆ.

ಸ್ವಂತ ಉದ್ಯೋಗಕ್ಕೆ ಸಾಲ ಬೇಕಾದರೆ ಉದ್ಯೋಗಿನಿ ಯೋಜನೆ ನೋಡಿ. ಮಹಿಳಾ ಅಭಿವೃದ್ಧಿ ನಿಗಮದ್ದು, ಬ್ಯಾಂಕಿನ ಮೂಲಕ 3 ಲಕ್ಷ ರೂ. ವರೆಗೆ ಸಾಲ. ಸಾಮಾನ್ಯ ವರ್ಗಕ್ಕೆ ಸಹಾಯಧನ ಸಾಲದ ಶೇ. 30, ಗರಿಷ್ಠ 90,000 ರೂ. ಕುಟುಂಬದ ಆದಾಯ ಮಿತಿ 1.5 ಲಕ್ಷ ರೂ., ಆದರೆ ವಿಧವೆಯರಿಗೆ, ನಿರ್ಗತಿಕರಿಗೆ ಮತ್ತು ಅಂಗವಿಕಲ ಮಹಿಳೆಯರಿಗೆ ಆ ಮಿತಿ ಅನ್ವಯಿಸುವುದಿಲ್ಲ. ಅರ್ಜಿ ಸಿಡಿಪಿಒ ಕಚೇರಿಯಲ್ಲಿ. ಆರ್‌ಸೆಟಿಯಲ್ಲಿ ಕಲಿತ ಪ್ರಮಾಣಪತ್ರ ಕೈಯಲ್ಲಿದ್ದರೆ ಬ್ಯಾಂಕಿನವರ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಆದ್ದರಿಂದ ಮೊದಲು ತರಬೇತಿ, ಆಮೇಲೆ ಸಾಲದ ಅರ್ಜಿ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಬಾಗಿಲೂ ನಮಗೆ ತೆರೆದಿದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚನೆ ಹೊರಡಿಸಿತು. ನಿಗಮದ ಶ್ರಮಶಕ್ತಿ ಯೋಜನೆಯಲ್ಲಿ ವಿಧವೆ, ವಿಚ್ಛೇದಿತೆ ಮತ್ತು ಅವಿವಾಹಿತ ಮಹಿಳೆಯರಿಗಾಗಿ ಇರುವ ವಿಶೇಷ ಭಾಗದಲ್ಲಿ 50,000 ರೂ. ಕೊಡುತ್ತಾರೆ. ಅರ್ಧವನ್ನು ಕಾಲಕ್ಕೆ ಸರಿಯಾಗಿ ಕಟ್ಟಿದರೆ ಉಳಿದರ್ಧ ಸಹಾಯಧನವಾಗುತ್ತದೆ. ವರ್ಷವಿಡೀ ಅರ್ಜಿ ತೆಗೆದುಕೊಳ್ಳುವುದಿಲ್ಲ, ಪ್ರಕಟಣೆ ಬಂದಾಗಲೇ ಹಾಕಬೇಕು. ಹಾಕುವ ಹೊತ್ತಿಗೆ ಕಾಗದಪತ್ರ ಸಿದ್ಧವಿರಬೇಕು. ಕೆಲವರ ಶಾಲಾ ದಾಖಲೆಯಲ್ಲಿ ಧರ್ಮದ ಕಲಂನಲ್ಲಿ ಹಿಂದೂ ಎಂದೂ ಜಾತಿಯ ಕಲಂನಲ್ಲಿ ಜೈನ ಎಂದೂ ಇರುತ್ತದೆ. ಅಲ್ಪಸಂಖ್ಯಾತರ ಪ್ರಮಾಣಪತ್ರಕ್ಕೆ ಹೋದಾಗ ಇದೇ ತಕರಾರು. ನಾಡಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ಒಳಿತು.

ಹಣ ಮತ್ತು ದುಡಿಮೆ ಎರಡೂ ಒಂದಕ್ಕೊಂದು ತಾಗುವ ಜಾಗ ಈಗ ಬರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳಿಯಲ್ಲಿರುವ ಒಬ್ಬ ತಾಯಿ, ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು. ಇಬ್ಬರಿಗೂ ಪ್ರಾಯೋಜಕತ್ವ ಮಂಜೂರಾಗಿದೆ, ತಿಂಗಳಿಗೆ 8000 ರೂ. ಬರುತ್ತಿದೆ. ಆಕೆಗೆ ಹತ್ತಿರದ ಪೇಟೆಯಲ್ಲಿ 12,000 ರೂ. ಸಂಬಳದ ಕೆಲಸ ಸಿಕ್ಕಿತು. ವರ್ಷಕ್ಕೆ 1,44,000 ರೂ. ಗ್ರಾಮೀಣ ಮಿತಿಯಾದ 72,000 ರೂ. ಎಂದರೆ ತಿಂಗಳಿಗೆ 6000 ರೂ. ಮಾತ್ರ, ಪೇಟೆಯ ಮಿತಿ ತಿಂಗಳಿಗೆ 8000 ರೂ. ಪರಿಶೀಲನೆಯ ಹೊತ್ತಿಗೆ ಆಕೆಯ ಮಕ್ಕಳ ನೆರವು ನಿಲ್ಲಬಹುದು. ತಿಂಗಳಿಡೀ ದುಡಿದು ಕೈಗೆ ಹೆಚ್ಚಾದದ್ದು 4000 ರೂ. ಮನೆಯ ಹಿರಿಯರು ‘ಯಾಕಮ್ಮಾ ಸುಮ್ಮನೆ ಒದ್ದಾಡುತ್ತೀಯ, ಮನೆಯಲ್ಲೇ ಇರು’ ಎನ್ನುವುದು ಇದೇ ಲೆಕ್ಕ ನೋಡಿ. ಅವರ ಲೆಕ್ಕ ತಪ್ಪಲ್ಲ, ಆದರೆ ಪೂರ್ತಿಯಲ್ಲ.

ಸಂಬಳದ ಜೊತೆ ಬರುವುದನ್ನೂ ಎಣಿಸಬೇಕು. ಇಎಸ್‌ಐ ಅನ್ವಯಿಸುವ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂ. ವರೆಗೆ ಸಂಬಳ ಪಡೆಯುವವರಿಗೆ ಮಕ್ಕಳನ್ನೂ ಸೇರಿಸಿ ವೈದ್ಯಕೀಯ ಸೌಲಭ್ಯ ಇದೆ. ಭವಿಷ್ಯ ನಿಧಿ ಕೂಡುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಯೋಜಕತ್ವ ದೊಡ್ಡ ಮಗುವಿಗೆ 18 ಆದಾಗ ನಿಲ್ಲುತ್ತದೆ. ಕಾಲೇಜಿನ ಖರ್ಚು ಶುರುವಾಗುವುದು ಆಗಲೇ. ಆಗ ತಾಯಿಗೆ 43 ವರ್ಷ ಎಂದುಕೊಳ್ಳಿ. ಕಸುಬಿಲ್ಲ, ಅನುಭವವಿಲ್ಲ, ಒಂಬತ್ತು ವರ್ಷ ಮನೆಯಲ್ಲಿ ಕಳೆದಿದೆ. ಆ ವಯಸ್ಸಿನಲ್ಲಿ ಹೊಸದಾಗಿ ಕೆಲಸಕ್ಕೆ ನಿಲ್ಲುವುದು ಎಷ್ಟು ಕಷ್ಟ ಎಂದು ಹೇಳಬೇಕಾಗಿಲ್ಲ.

ಆದ್ದರಿಂದ ಹಣ ಬರತೊಡಗಿದ ಮೊದಲ ವರ್ಷವನ್ನೇ ಕಲಿಯುವ ವರ್ಷ ಮಾಡಿಕೊಳ್ಳುವುದು ಜಾಣತನ. ತರಬೇತಿಗೆ ಹೋಗುವುದು ಆದಾಯವಲ್ಲ, ಅದರಿಂದ ಯಾವ ನೆರವೂ ನಿಲ್ಲುವುದಿಲ್ಲ. ಹೊಲಿಗೆ ಕಲಿತು ಮನೆಯಲ್ಲೇ ಶುರುಮಾಡಿದರೆ ಮೊದಮೊದಲು ಗಳಿಕೆ ಸಣ್ಣದಿರುತ್ತದೆ, ಮಿತಿಯೊಳಗೇ ಇರುತ್ತದೆ. ಗಳಿಕೆ ಬೆಳೆದು ಮಿತಿ ದಾಟಿದ ದಿನ ನೆರವು ನಿಂತರೂ ಮನೆ ನಿಲ್ಲುವುದಿಲ್ಲ. ಸಂಬಳದ ಕೆಲಸವೇ ಸಿಕ್ಕರೆ, ಅದು ಖಾಯಂ ಆಗುವ ಬಗೆಯದೋ ಆರು ತಿಂಗಳ ಗುತ್ತಿಗೆಯೋ ನೋಡಿ ತೀರ್ಮಾನಿಸಿ. ಬಿಟ್ಟ ನೆರವನ್ನು ಮತ್ತೆ ಪಡೆಯಲು ಹೊಸದಾಗಿ ಅರ್ಜಿ, ಹೊಸದಾಗಿ ಓಡಾಟ. ಆದರೆ ಆದಾಯ ಮುಚ್ಚಿಟ್ಟು ಎರಡನ್ನೂ ಪಡೆಯುವ ಸಲಹೆ ಕೊಡುವವರು ಇರುತ್ತಾರೆ, ಅವರ ಮಾತು ಕೇಳಬೇಡಿ. ಸುಳ್ಳು ಘೋಷಣೆ ಸಿಕ್ಕಿಬಿದ್ದರೆ ಹಣ ಹಿಂದಿರುಗಿಸಬೇಕಾದ ಪಾಡು ಬರುವುದು ತಾಯಿಗೆ, ಸಲಹೆ ಕೊಟ್ಟವರಿಗಲ್ಲ.

ಗೃಹಲಕ್ಷ್ಮಿಗೆ ಈ ತೊಡಕಿಲ್ಲ. 12,000 ರೂ. ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ಮನೆಯಲ್ಲಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟದಿದ್ದರೆ ರಾಜ್ಯದೊಳಗಿನ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ಯಾರೋ ಹೇಳಿದರೆಂದು ಅವಸರದಲ್ಲಿ ನೋಂದಣಿ ಮಾಡಿಸಿ ರಿಟರ್ನ್ ಹಾಕತೊಡಗಿದರೆ ತಿಂಗಳ 2000 ರೂ. ಕೈತಪ್ಪುತ್ತದೆ. ಆಹಾರ ಪದಾರ್ಥ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಬೇಕೇ ಬೇಕು, ಸಣ್ಣ ಮನೆ ಉದ್ಯಮಕ್ಕೆ ಅದರ ಶುಲ್ಕ ಹೆಚ್ಚಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲದ ಪುಡಿ ತಿಂಡಿಗಳಿಗೆ ನಮ್ಮ ಮನೆಗಳಲ್ಲೇ ಬೇಡಿಕೆ ಇದೆ. ಚಾತುರ್ಮಾಸ, ದಶಲಕ್ಷಣ ಪರ್ವದ ದಿನಗಳಲ್ಲಿ ಅದು ಇನ್ನೂ ಹೆಚ್ಚು. ಹೊರಗಿನಿಂದ ತರಿಸುವ ಬದಲು ಊರಿನ ತಾಯಿಯೊಬ್ಬರಿಂದ ಕೊಂಡರೆ ಅದು ದಾನವಲ್ಲ, ವ್ಯಾಪಾರ. ಕೊಳ್ಳುವವರಿಗೂ ಮಾರುವವರಿಗೂ ತಲೆ ಎತ್ತಿ ಮಾತಾಡಲು ಬರುತ್ತದೆ.

ಬಹಳ ಮಂದಿ ಅರ್ಜಿಯನ್ನೇ ಹಾಕದಿರಲು ಕಾರಣ ಸಂಕೋಚ. ‘ನಮ್ಮ ಮನೆತನದವರು ಕಚೇರಿ ಮುಂದೆ ನಿಲ್ಲುವುದೇ’ ಎಂಬ ಮಾತು ಕೇಳಿದವರಿಗೆ ಗೊತ್ತು. ಮೈದುನನ ಮನೆಯಲ್ಲಿ, ಅಣ್ಣನ ಮನೆಯಲ್ಲಿ ಮಕ್ಕಳ ಶುಲ್ಕಕ್ಕಾಗಿ ಪ್ರತಿ ಜೂನ್‌ನಲ್ಲಿ ತಲೆತಗ್ಗಿಸಿ ನಿಲ್ಲುವುದು ನಡೆಯುತ್ತದೆ, ಮಕ್ಕಳ ಹಕ್ಕಿನ ಹಣಕ್ಕೆ ಒಂದು ಸಹಿ ಹಾಕುವುದು ನಡೆಯುವುದಿಲ್ಲ. ಊರಿನ ಮಹಿಳಾ ಸಮಾಜದವರು, ಬಸದಿಯ ಆಡಳಿತದವರು ಸಹಾಯ ಮಾಡಬೇಕೆಂದಿದ್ದರೆ ಹಣ ಕೂಡಿಸುವುದಕ್ಕಿಂತ ಮೊದಲು ಒಬ್ಬರು ಜೊತೆಯಲ್ಲಿ ಕಚೇರಿಗೆ ಹೋಗಿಬರಲಿ. ತರಬೇತಿಯ ದಿನಗಳಲ್ಲಿ ಮಗು ಶಾಲೆಯಿಂದ ಬಂದ ಮೇಲೆ ಎರಡು ಗಂಟೆ ಯಾರದಾದರೂ ಮನೆಯಲ್ಲಿ ಇರಲಿ. ಅನೇಕ ತಾಯಂದಿರ ತರಬೇತಿ ತಪ್ಪುವುದು ಆ ಎರಡು ಗಂಟೆಗಾಗಿ.

ಕಚೇರಿಗೆ ಹೋಗುವಾಗ ಪತಿಯ ಮರಣ ಪ್ರಮಾಣಪತ್ರ ಅಥವಾ ವಿಚ್ಛೇದನದ ಆದೇಶ, ತಾಯಿ ಮತ್ತು ಮಕ್ಕಳ ಆಧಾರ್, ಪಡಿತರ ಚೀಟಿ, ಹೊಸ ಆದಾಯ ಪ್ರಮಾಣಪತ್ರ, ಮಕ್ಕಳ ಶಾಲಾ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮತ್ತು ಭಾವಚಿತ್ರಗಳನ್ನು ಎರಡೆರಡು ಪ್ರತಿ ಒಯ್ಯಿರಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ನೋಡಿಕೊಳ್ಳಿ. ಗಂಡ ಬಿಟ್ಟುಹೋಗಿದ್ದು ಕಾಗದವೇನೂ ಇಲ್ಲದಿದ್ದರೆ ಬರಿಗೈಯಲ್ಲಾದರೂ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಷಯ ಹೇಳಿ, ಯಾವ ದಾಖಲೆ ಸಾಕೆಂದು ಅವರೇ ತಿಳಿಸುತ್ತಾರೆ. ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆದುಕೊಳ್ಳಿ, ದಿನಾಂಕ ಬರೆದಿಟ್ಟುಕೊಳ್ಳಿ. ಘಟಕದ ವಿಳಾಸ ಗೊತ್ತಿಲ್ಲದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ವಿಚಾರಿಸಬಹುದು, ಕರೆ ಉಚಿತ.